ನೇರಳೆಗೆ ಎಷ್ಟು ಬಟ್ಟೆ ಬೇಕು

ಹಿತ್ತಲಿನ ನೆಲದ ಮೇಲೆ ಮನೆಯ ಹೊದಿಕೆಗಳೆಲ್ಲ ಹಾಸಿಕೊಂಡು ಬಿದ್ದಿದ್ದವು. ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದ ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು.

"ಅಯ್ಯೋ ಅತ್ತೆ, ಏನಿದು? ಮೊನ್ನೆ ತಾನೇ ಒಗೆದಿದ್ದೆ!"

"ಕೂಗಾಡಬೇಡ ಕಣೇ. ಗಿಡ ನೆಡ್ತಿದೀನಿ."

ಬೀದಿಯವರ ಬಾಯಲ್ಲಿ ಟೈಲರಮ್ಮ ಆಗಿದ್ದ ಅತ್ತೆ ಬದುಕೆಲ್ಲ ಬಾಡಿಗೆಯ ಮಹಡಿ ಮನೆಗಳಲ್ಲಿ ಮಿಷನ್ ತುಳಿದವರು. ಸ್ವಂತ ನೆಲ ಸಿಕ್ಕಿದ್ದು ಈಗ, ಮೊಣಕಾಲು ಹಿಡಿದುಕೊಂಡು ಏಳುವ ವಯಸ್ಸಿನಲ್ಲಿ. ಮಕ್ಕಳ ಅಂಗಿಗೆ ಒಳಮಡಿಕೆ ಬಿಡದೆ ಅವರು ಹೊಲಿದದ್ದೇ ಇಲ್ಲ. ಮಗು ಬೆಳೆದರೆ ಹೊಲಿಗೆ ಬಿಚ್ಚಿ ಉದ್ದ ಮಾಡಿಕೊಳ್ಳಬಹುದು. ನೆಲವನ್ನು ಹಾಗೆ ಬಿಚ್ಚಲಾದೀತೇ? ಅದಕ್ಕೇ ಪ್ರತಿ ಗಿಡವೂ ಪೂರಾ ಬೆಳೆದಾಗ ಎಷ್ಟು ಹರಡುತ್ತದೋ ಅಷ್ಟಗಲ ಬಟ್ಟೆ ಹಾಸುತ್ತಿದ್ದರು. ಮಲ್ಲಿಗೆಗೆ ಟವೆಲ್, ದಾಸವಾಳಕ್ಕೆ ಮಗುವಿನ ಹೊದಿಕೆ, ನಿಂಬೆಗೆ ದೊಡ್ಡ ಬೆಡ್‌ಶೀಟ್.

ಉಳಿದದ್ದು ನೇರಳೆ. ಕುಂಡದೊಳಗೆ ಗೇಣುದ್ದ ನಿಂತಿತ್ತು. ರಸ್ತೆ ತಿರುವಿನಲ್ಲಿದ್ದ ದೊಡ್ಡ ನೇರಳೆ ಮರದ ಹರವನ್ನು ಅತ್ತೆ ಹಗ್ಗದಲ್ಲಿ ಅಳೆದು ತಂದಿದ್ದರು. ಅಷ್ಟು ಜಾಗ ತುಂಬಲು ಕಿಟಕಿಯ ಪರದೆಗಳು ಬಂದವು, ಮಾವನ ಲುಂಗಿಗಳೂ ಬಂದವು.

"ಉಟ್ಟಿರೋದನ್ನಾದ್ರೂ ಬಿಡ್ತೀಯೇನೇ?" ಮಾವ ಒಳಗಿನಿಂದ ಕೂಗಿದರು.

"ಸಾಲದೆ ಹೋದ್ರೆ ಕೇಳ್ತೀನಿ, ತಡೀರಿ!"

ಮನೆಯ ಗೋಡೆಗೆ ತಾಗಬಾರದು, ಪಕ್ಕದವರ ಸೂರಿಗೂ ತಾಗಬಾರದು. ಜರುಗಿಸಿ ಜರುಗಿಸಿ ಆ ಹರವು ಒಂದೇ ಕಡೆ ಸರಿಯಾಗಿ ಕೂತಿತು. ಆದರೆ ಅದರ ನಟ್ಟನಡುವೆ, ಹಿತ್ತಲಲ್ಲಿ ಕಟ್ಟಿಸಿಕೊಂಡಿದ್ದ ಅತ್ತೆಯ ತಗಡಿನ ಹೊಲಿಗೆ ಕೋಣೆ! ಅವರ ಜೀವಮಾನದಲ್ಲೇ ತಮ್ಮದು ಅಂತ ಆದ ಮೊದಲ ಕೋಣೆ.

"ನೇರಳೆ ಕುಂಡದಲ್ಲೇ ಇರ್ಲಿ ಬಿಡಿ ಅತ್ತೆ," ಎಂದಳು ಸೊಸೆ. "ಹಣ್ಣು ಬಿದ್ರೆ ಕಲೆ ಬೇರೆ ಹೋಗಲ್ಲ."

"ಕುಂಡದಲ್ಲಿ ಬದುಕುತ್ತೆ ಕಣಮ್ಮ. ಬೆಳೆಯಲ್ಲ. ಬಾ ಇಲ್ಲಿ, ನೋಡು."

ಸೊಸೆ ಚಪ್ಪಲಿ ಬಿಟ್ಟು ಬಟ್ಟೆಯ ಮೇಲೆ ಕಾಲಿಟ್ಟಳು. ನಡೆದಳು, ನಡೆದಳು, ಅಂಚೇ ಸಿಗಲೊಲ್ಲದು. ಅತ್ತೆ ಮಹಡಿಗಿಂತ ಮೇಲಕ್ಕೆ ಕೈ ತೋರಿಸಿ, "ತುದಿ ಅಲ್ಲಿಗೆ ಬರುತ್ತೆ," ಎಂದರು. ಬರಿಯ ಆಕಾಶ. ಆದರೂ ಅವಳು ಕತ್ತೆತ್ತಿ ಅಲ್ಲೇ ನೋಡಿದಳು. ಇಷ್ಟೆಲ್ಲ ಆ ನಾಲ್ಕೆಲೆಯ ಕಡ್ಡಿಯೊಳಗೇ ಇದೆಯೇ? ಸೊಂಟದ ಮೇಲೆ ಬೆರಳು ಚೀಪುತ್ತಿದ್ದ ಮಗುವನ್ನು ಅವಳು ಹೊಸಬರನ್ನು ನೋಡುವಂತೆ ನೋಡಿದಳು. ಇದೂ ಎಷ್ಟು ಜಾಗ ಕೇಳೀತೋ!

"ತಗಡು ಬಿಚ್ಚಿಸೋಣ," ಎಂದರು ಅತ್ತೆ.

"ಮಿಷನ್ ಎಲ್ಲಿಡ್ತೀರಿ?"

"ನಿಮ್ಮ ಮಾವ ಪೇಪರ್ ಹಿಡ್ಕೊಂಡು ತೂಕಡಿಸೋ ಮೂಲೆ ಇಲ್ವಾ?"

ಒಳಗೆ ಮಾವ ಕೆಮ್ಮಿದರು.

ಅತ್ತೆ ಕೋಣೆಯೊಳಗೆ ಹೋದರು. ಬೇಗ ಹೊರಬರಲಿಲ್ಲ. ಸೊಸೆ ಹೊರಗೇ ಕಾದಳು. ಕೊನೆಗೆ ದಾರದ ಪೆಟ್ಟಿಗೆ ಎದೆಗವಚಿಕೊಂಡು ಅತ್ತೆ ಹೊರಬಂದರು. ಕಣ್ಣು ಕೆಂಪಾಗಿದ್ದವು.

"ಹಿಡ್ಕೋ. ಕತ್ತರಿ ಮೇಲೇ ಇದೆ, ಮಗು ಕೈಗೆ ಸಿಕ್ಕೀತು, ಜೋಪಾನ."