ಮೂವತ್ತಾರರ ಸವಾರಿ

ನನ್ನ ಮೋಟಾರ್ ಸೈಕಲ್ಲಿನ ವೇಗಮಾಪಕದ ಮುಳ್ಳು ಅರವತ್ತರಲ್ಲಿ ಸಿಕ್ಕಿಕೊಂಡು ವರ್ಷಗಳೇ ಆಗಿದ್ದವು. ಗಾಡಿ ಸ್ಟ್ಯಾಂಡ್ ಹಾಕಿಕೊಂಡು ಮನೆಯ ಮುಂದೆ ನಿಂತಿರುವಾಗಲೂ ಅದರ ಪ್ರಕಾರ ಅರವತ್ತರಲ್ಲೇ ಓಡುತ್ತಿತ್ತು. ತನ್ನ ಬಗ್ಗೆ ಹಿತವಾದ ಸುಳ್ಳನ್ನು ದಿನವೂ ಹೇಳುವ ಉಪಕರಣ ಸಿಕ್ಕಿದವನಿಗೆ ಅದನ್ನು ರಿಪೇರಿ ಮಾಡಿಸುವ ದುರ್ಬುದ್ಧಿ ಯಾಕೆ ಬರಬೇಕು, ನೀವೇ ಹೇಳಿ. ನಾನೂ ನನ್ನನ್ನು ಅರವತ್ತರ ಸವಾರನೆಂದೇ ನಂಬಿದ್ದೆ.

ಊರಿಗೆ ಮೊಬೈಲ್ ಇನ್ನೂ ಹೊಸದಾಗಿದ್ದ ಕಾಲ. ಅವಿವಾಹಿತನಾದ ನಾನು ಹುಮನಾಬಾದಿನ ಬಾಡಿಗೆ ಕೋಣೆಯೊಂದರಲ್ಲಿದ್ದೆ; ಕನ್ನಡ ಕಲಿಸುತ್ತಿದ್ದದ್ದು ಬಸವಕಲ್ಯಾಣದ ಕಾಲೇಜಿನಲ್ಲಿ. ದಿನವೂ ನನ್ನ ಹಿಂದಿನ ಸೀಟಿನಲ್ಲಿ ಕೂತು ಬರುತ್ತಿದ್ದವರು ಅಲ್ಲಿಯ ಹಿಂದಿ ಅಧ್ಯಾಪಕ ವಿಠಲರಾಯರು. ಮಾತಿನ ಮಲ್ಲ. ಹುಮನಾಬಾದ್ ದಾಟುವಷ್ಟರಲ್ಲಿ ಶುರುವಾದ ಅವರ ಕಥೆ, ಸೋದರಮಾವನ ಕಳುವಾದ ಎಮ್ಮೆಯದಿರಲಿ, ಮದುವೆಯೂಟದಲ್ಲಿ ಮುನಿದು ಎದ್ದುಹೋದ ಬೀಗರದಿರಲಿ, ಕಲ್ಯಾಣದ ಕೋಟೆ ಕಾಣುವ ಹೊತ್ತಿಗೆ ಸರಿಯಾಗಿ ಮುಗಿಯುತ್ತಿತ್ತು. ಆ ಸಾಹಿತ್ಯಕ್ಕೆ ನನ್ನ ಕೊಡುಗೆ ಹೂಂಗುಟ್ಟುವುದಷ್ಟೇ. ಒಂದು ಜೂನಿನಲ್ಲಿ ಅವರಿಗೆ ಕಲ್ಯಾಣದಾಚೆಯ ಹುಲಸೂರಿಗೆ ವರ್ಗವಾಯಿತು, ಸಂಸಾರಸಮೇತ ಹೊರಟುಹೋದರು. ಬರಬೇಕೆಂದು ಅವರು ಹೇಳಿದ್ದರು, ಬರುತ್ತೇನೆಂದು ನಾನೂ ಹೇಳಿದ್ದೆ. ಇಂಥ ಮಾತುಗಳಿಗೆ ತಾರೀಖು ಇರುವುದಿಲ್ಲ.

ಆಮೇಲೆ ರಸ್ತೆ ಉದ್ದವಾಗತೊಡಗಿತು. ಅದೇ ಗಾಡಿ, ಅದೇ ದಾರಿ, ಆದರೂ ಎಷ್ಟು ಹೋದರೂ ಕಲ್ಯಾಣ ಬರುತ್ತಿರಲಿಲ್ಲ. ನನಗೆ ಗಾಡಿಯ ಮೇಲೇ ಅನುಮಾನ ಬಂತು. ಬಸ್ ಸ್ಟ್ಯಾಂಡಿನ ಹತ್ತಿರದ ಮಿಸ್ತ್ರಿ ಮಹಬೂಬ್ ಹೈದರಾಬಾದಿನಿಂದ ತರಿಸಿದ್ದ ಡಿಜಿಟಲ್ ಮೀಟರ್ ತೋರಿಸಿದ. ಅಂಕಿ ಬಂದರೆ ಬದುಕಿಗೊಂದು ಅಂಕೆಯೂ ಬಂದೀತೆಂದು ಕನ್ನಡ ಮೇಷ್ಟರ ಬುದ್ಧಿ ಶಬ್ದಗಳ ಮೇಲೆ ಭರವಸೆಯಿಟ್ಟಿತು. ಅವನು ಮುಳ್ಳಿನ ಮೀಟರ್ ಕಿತ್ತು, ಮುಂದಿನ ಗಾಲಿಗೆ ಅಂಗಿಯ ಗುಂಡಿಯಷ್ಟು ಅಯಸ್ಕಾಂತ ಕೂಡಿಸಿ, ಅದರೆದುರು ಸೆನ್ಸರ್ ಬಿಗಿದು, ವೈರನ್ನು ಹ್ಯಾಂಡಲ್ಲಿನವರೆಗೆ ಎಳೆದ. ಚಾವಿ ತಿರುವಿದೊಡನೆ ಹಸಿರು ಬೆಳಕಿನಲ್ಲಿ ಸೊನ್ನೆ ಮೂಡಿತು. ನಾನು ಬಂದೆನೆಂದು ದೀಪ ಹಚ್ಚುವವರು ಯಾರೂ ಇಲ್ಲದ ನನಗೆ ಅದು ಬಹಳ ಸೇರಿತು.

ಮರುದಿನ ಎಂದಿನ ಗತಿಯಲ್ಲೇ ಹೊರಟೆ. ಮೀಟರು ಮೂವತ್ತಾರು ಎಂದಿತು. ನಂಬಲಾಗದೆ ಕಿಲೋಮೀಟರ್ ಕಲ್ಲನ್ನೂ ಕೈಗಡಿಯಾರವನ್ನೂ ಸಾಕ್ಷಿಗೆ ಕರೆದೆ. ಅವೂ ಮೂವತ್ತಾರರ ಪಕ್ಷವೇ. ಇಷ್ಟು ವರ್ಷ ಹೊತ್ತು ತಿರುಗಿದ ಅರವತ್ತರ ಗರ್ವ ನೆನೆದು ನಗು ಉಕ್ಕಿಬಂತು. ರಾಯರಿಗೆ ತೋರಿಸಬೇಕೆಂದು ಹಿಂದಕ್ಕೆ ಕತ್ತು ತಿರುಗಿಸಿದೆ. ಸೀಟು ಖಾಲಿಯಿತ್ತು. ನಗೆಪಾಟಲಾಗುವುದಕ್ಕೂ ಇನ್ನೊಬ್ಬರು ಬೇಕು.

ಆ ಭಾನುವಾರ ಹುಲಸೂರಿಗೆ ಹೋದೆ. ವಿಠಲರಾಯರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿದ್ದರು. ಒಳಗೆ ಮನೆಯವರೆಲ್ಲ ಟಿ.ವಿ.ಯ ಮುಂದಿದ್ದರು. ರಾಯರು ಸುಮ್ಮನಿದ್ದುದನ್ನು ನಾನು ನೋಡಿದ್ದು ಅದೇ ಮೊದಲು. ಚಹಾ ಕುಡಿಯುತ್ತ ಮೂವತ್ತಾರರ ಕಥೆಯನ್ನು ಬಣ್ಣ ಹಚ್ಚಿ ಹೇಳಿದೆ. ಅವರು ನಗಲಿಲ್ಲ.

“ನನಗ ಗೊತ್ತಿತ್ರಿ ಸರ. ಲೂನಾ ಮ್ಯಾಲಿನ ಹಾಲಿನವನೂ ನಮ್ಮನ್ನ ದಾಟಿ ಹೋಗ್ತಿದ್ದ.”

ಹಾಗಾದರೆ ಒಮ್ಮೆಯೂ ಯಾಕೆ ಹೇಳಲಿಲ್ಲವೆಂದು ಕೇಳಿದೆ. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಹೇಳಿದ್ರ ನೀವು ಜೋರ್ ಹೊಡೀತಿದ್ರಿ. ಕಲ್ಯಾಣ ಲಗೂ ಬಂದುಬಿಡ್ತಿತ್ತು. ಮನ್ಯಾಗ ನನ್ನ ಮಾತು ಕೇಳೋರು ಯಾರ್ ಅದಾರ್ರಿ?”

ತುಂಬಿದ ಮನೆಯ ಆ ಯಜಮಾನರಿಗೆ ಹಳೆಯ ಅಭ್ಯಾಸದಂತೆ ಹೂಂ ಎಂದೆ.

ಹೊರಡುವಾಗ, ಊರ ಹೊರಗಿನ ತನಕ ಬರುತ್ತೇನೆಂದು ಹಿಂದೆ ಕೂತರು. ನಾನು ಗಾಡಿಯನ್ನು ಇಪ್ಪತ್ತಕ್ಕಿಳಿಸಿದೆ. ಅವರು ಹೊಸ ಪ್ರಿನ್ಸಿಪಾಲರ ಸುದ್ದಿ ತೆಗೆದರು. ಅದು ಅರ್ಧವಾಗುವುದರೊಳಗೆ ಊರೇ ಮುಗಿಯಿತು. ಇಳಿದು, ಬೆಳಕಿರುವಾಗಲೇ ಮನೆ ಮುಟ್ಟಿರೆಂದು ನನಗೆ ಹೇಳಿ, ನಡೆದು ಹೋದರು.

ಇನ್ನು ನಿಧಾನ ಯಾರಿಗಾಗಿ ಎನ್ನಿಸಿ ಆಕ್ಸಿಲರೇಟರ್ ತಿರುವಿದೆ. ಅಂಕಿ ಐವತ್ತು ದಾಟಿತು, ಇನ್ನೂ ಏರಿತು. ಕಲ್ಯಾಣ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಹುಮನಾಬಾದ್ ಮುಟ್ಟಿದಾಗ ಗೋಡೆಗಳ ಮೇಲೆ ಇನ್ನೂ ಬಿಸಿಲಿತ್ತು. ಕೋಣೆಯ ಬೀಗ ತೆಗೆದು ಮಂಚದ ಮೇಲೆ ಕೂತೆ. ಅಷ್ಟು ಬೇಗ ಬಂದು ಮಾಡುವುದೇನೂ ಇರಲಿಲ್ಲ.