ಮಾಫಿ ಮೇಷ್ಟ್ರು ಕೇಳಿ ತರಿಸಿದ ಬಲ್ಬು

ನಾನು ಅವರನ್ನು ಮೊದಲು ನೋಡಿದ ದಿನ ಅವರು ಜೋರಾಗಿ ಕೂಗಿಕೊಂಡರು. ಕೂಗಿದ್ದು ನನ್ನ ಪಕ್ಕ ನಿಂತಿದ್ದ ಹಮಾಲಿಯ ಮೇಲೆ. ಆದರೂ ಬೆಚ್ಚಿಬಿದ್ದವಳು ನಾನೇ, ಯಾಕೆಂದರೆ ಗೋದಾಮಿನ ಕೆಲಸಕ್ಕೆ ಆಗ ಹೊಸಬಳು.

ನಮ್ಮ ಯಜಮಾನರು ಅದೇ ಗೋದಾಮಿನಲ್ಲಿ ಬಡಗಿಯಾಗಿದ್ದರು. ಹಡಗಿನಲ್ಲಿ ಬಂದ ಪೆಟ್ಟಿಗೆಗಳನ್ನು ಸುಂಕದ ಸಾಹೇಬರು ನೋಡಬೇಕೆಂದಾಗ ಮೊಳೆ ಕಿತ್ತು ಮುಚ್ಚಳ ತೆಗೆದುಕೊಡುತ್ತಿದ್ದರು. ಅವರು ತೀರಿಕೊಂಡ ಮೇಲೆ ನನಗೆ ಸಿಕ್ಕಿದ್ದು ಅದರ ಉಲ್ಟಾ ಕೆಲಸ. ಬಿಚ್ಚಿದ್ದನ್ನೆಲ್ಲ ಮತ್ತೆ ಒಳಗಿಟ್ಟು, ಸಂದಿಗೆ ಹುಲ್ಲು ತುರುಕಿ, ಮುಚ್ಚಳ ಬಡಿದು, ಮೇಲಿನ ಗೋಣಿಯನ್ನು ದಬ್ಬಳದಲ್ಲಿ ಹೊಲಿಯಬೇಕು. ಹಾಗಾಗಿ ಎಲ್ಲರೂ ನನ್ನನ್ನು ಹೊಲಿಗೆ ಅಕ್ಕ ಎಂದು ಕರೆದರು.

ಆ ದಿನ ಪೆಟ್ಟಿಗೆ ಬಿಚ್ಚುತ್ತಿದ್ದವನು ಗಡಾರಿ. ಕೈಯಲ್ಲಿ ಸದಾ ಮುಚ್ಚಳ ಮೀಟುವ ಕಬ್ಬಿಣದ ಗಡಾರಿ ಇರುತ್ತಿದ್ದುದರಿಂದ ಅವನ ಹೆಸರೂ ಅದೇ ಆಗಿಹೋಗಿತ್ತು. ಅವನು ಒಳಗಿನಿಂದ ಹಿತ್ತಾಳೆಯ ಕೊಳವೆಯೊಂದನ್ನು ಎತ್ತಿ ನೆಲದ ಮೇಲೆ ಇಡಲು ಬಗ್ಗಿದ. ಗೋದಾಮಿನ ನೆಲವೆಂದರೆ ಸಿಮೆಂಟು, ಮೆಣಸಿನ ಪುಡಿ, ಎಣ್ಣೆ ಎಲ್ಲ ಬೆರೆತ ಧೂಳು.

"ತಡಿಯಪ್ಪಾ ತಡಿ! ನಿಂಗೆ ಕೈ ಮುಗಿತೀನಿ, ಇಡಬೇಡ!"

ಸಣಕಲು ಮನುಷ್ಯ, ಮೂಗಿನ ತುದಿಗೆ ಜಾರಿದ ಕನ್ನಡಕ, ಬಗಲಲ್ಲಿ ಬಟ್ಟೆಯ ಚೀಲ. ಓಡಿಬಂದವರು ಚೀಲದಿಂದ ಒಗೆದು ಮಡಿಸಿದ ಬಿಳಿ ಹಾಸೊಂದನ್ನು ತೆಗೆದು ನೆಲದ ಮೇಲೆ ಹರಡಿದರು. ಮನೆಯ ಮಂಚದ ಮೇಲೆ ಹಾಸುವಂಥದೇ ಹಾಸು, ಅಂಚಿಗೆ ನೀಲಿ ಹೂವು.

"ಬಂದ್ರು ನೋಡಿ ಮಾಫಿ ಮೇಷ್ಟ್ರು, ಹಾಸಿಗೆ ಸಮೇತ," ಎಂದ ಗಡಾರಿ. "ದಿಂಬು ಮರೆತು ಬಂದ್ರಾ ಸಾರ್?"

"ಸಾಹೇಬರು ಬರೋದು ತಡ ಆದ್ರೆ ನಾಳೆಯಿಂದ ದಿಂಬೂ ತರ್ತೀನಿ. ಈಗ ಅದನ್ನ ಮಗು ಮಲಗಿಸಿದ ಹಾಗೆ ಮಲಗಿಸು."

ಪೆಟ್ಟಿಗೆಯಿಂದ ಒಂದೊಂದು ಭಾಗ ಹೊರಬಂದಂತೆ ಅವರು ಅದನ್ನು ಹಾಸಿನ ಮೇಲಿರಿಸಿ ಸುತ್ತಲೂ ಕೆಂಪು ಸೀಮೆಸುಣ್ಣದಿಂದ ಗೆರೆ ಎಳೆದು, ಪಕ್ಕದಲ್ಲಿ ಅಂಕಿ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ಹೊಸಬರಾ? ಸುಲಭ ಇದೆ. ಕೊನೇ ಅಂಕಿ ಮೊದಲು ಒಳಗೆ ಹೋಗಬೇಕು. ಅಂಕಿ ಬರುತ್ತೆ ತಾನೆ?" ಎಂದರು.

"ಅಂಕಿ ಬರುತ್ತೆ. ಅಕ್ಷರ ಅಷ್ಟಕ್ಕಷ್ಟೆ."

"ಅಷ್ಟು ಸಾಕು. ಅಕ್ಷರ ಬರೋರ ಕೈಗೆ ಸಿಕ್ಕಿಯೇ ನಾನು ಹೀಗಾಗಿರೋದು."

ಅವರು ಮೇಷ್ಟ್ರಾಗಿ ಎಲ್ಲೂ ಪಾಠ ಹೇಳಿದವರಲ್ಲ, ಆ ಹೆಸರು ಸೀಮೆಸುಣ್ಣದಿಂದ ಬಂದದ್ದು. ಸಂಶೋಧನೆ ಮಾಡುವ ಒಂದು ದೊಡ್ಡ ಸಂಸ್ಥೆಯಲ್ಲಿ ನೌಕರರು. ಸಂಸ್ಥೆ ಹೊರದೇಶದಿಂದ ತರಿಸಿದ ಯಂತ್ರಗಳನ್ನು ಬಿಡಿಸಿಕೊಂಡು ಹೋಗಲು ಬರುತ್ತಿದ್ದರು. ನಮ್ಮಲ್ಲಿ ಯಾರೂ ಮಾಡದ, ಸಂಶೋಧನೆಗೆ ಬೇಕೇ ಬೇಕಾದ ಯಂತ್ರ ತರಿಸಿದರೆ ಸರ್ಕಾರ ಸುಂಕ ಮಾಫಿ ಮಾಡುತ್ತದೆ. ಅದಕ್ಕೊಂದು ಮಾಫಿ ಪತ್ರ ರಾಜಧಾನಿಯಿಂದ ಬರಬೇಕು. ಪತ್ರದಲ್ಲಿ ಏನಿದೆಯೋ ಪೆಟ್ಟಿಗೆಯಲ್ಲೂ ಅದೇ ಇರಬೇಕು, ಒಂದು ತಿರುಪು ಕಡಿಮೆಯಾಗಬಾರದು, ಹೆಚ್ಚೂ ಆಗಬಾರದು. ಹೊಂದಿಸಿ ನೋಡುವವರು ಸಾಹೇಬರು. ಅವರು ಬರುವವರೆಗೆ ಕಾಯುವವರು ಮೇಷ್ಟ್ರು.

ಅವರು ಕಾಯುತ್ತಿದ್ದ ಬೆಂಚು ನನಗೆ ಚೆನ್ನಾಗಿ ನೆನಪಿದೆ. ಒಂದು ಕಾಲು ಗಿಡ್ಡ, ಅದಕ್ಕೊಂದು ಹಲಗೆ ಚೂರು. ಮೇಲೆ ಫ್ಯಾನು, ಕರೆಂಟು ಇದ್ದರೂ ತಿರುಗದ ಫ್ಯಾನು. ಬೆಳಿಗ್ಗೆ ಬಂದವರು ಡಬ್ಬಿಯ ಊಟವನ್ನು ಅಲ್ಲೇ ತಿಂದು, ಸಾಹೇಬರು ಇವತ್ತು ಬರುವುದಿಲ್ಲ ಎಂದು ಗೊತ್ತಾದ ಮೇಲೂ ಸ್ವಲ್ಪ ಹೊತ್ತು ಕೂತು, ಎದ್ದು ಹೋಗುತ್ತಿದ್ದರು. ಮೊಣಕಾಲು ಹಿಡಿದುಕೊಂಡು ಏಳುವಾಗ ಪ್ರತಿ ಸಲ ಒಂದೇ ಮಾತು: "ಆಯ್ತು, ನಾಳೆ ನೋಡೋಣ." ವರ್ಷಗಟ್ಟಲೆ ಆ ಮಾತು ಕೇಳಿದ್ದೇನೆ. ನಡುವೆ ಅವರ ಕೂದಲು ಬೆಳ್ಳಗಾಯಿತು, ನನ್ನ ಕಣ್ಣಿಗೆ ಕನ್ನಡಕ ಬಂತು, ನಾನು ಅಮ್ಮ ಹೋಗಿ ಅಕ್ಕ ಆದೆ. ಹಾಸು ಮಾತ್ರ ಅದೇ. ಅವರ ಹೆಂಡತಿ ಅದನ್ನು ಸವತಿ ಎನ್ನುತ್ತಿದ್ದರಂತೆ. "ನನ್ನ ಮದುವೇಲಿ ಕೊಟ್ಟ ಹಾಸು, ನಾನು ಅದರ ಮೇಲೆ ಮಲಗಿದ್ದಕ್ಕಿಂತ ನಿಮ್ಮ ಯಂತ್ರ ಮಲಗಿದ್ದೇ ಜಾಸ್ತಿ."

ಒಮ್ಮೆ ಕೇಳಿದೆ. "ಮೇಷ್ಟ್ರೇ, ಇಷ್ಟೆಲ್ಲ ಬಿಡಿಸ್ಕೊಂಡು ಹೋಗ್ತೀರಲ್ಲ, ಅದರೊಳಗೆ ಏನು ಕಾಣುತ್ತೆ?"

"ನನಗೇನು ಗೊತ್ತು ಅಕ್ಕ? ಬಾಗಿಲವರೆಗೆ ತಂದು ಕೊಡ್ತೀನಿ. ಒಳಗೆ ಹೋಗ್ಬೇಕಾದ್ರೆ ಚಪ್ಪಲಿ ಬಿಡ್ಬೇಕು, ಬಿಳಿ ಕೋಟು ಹಾಕ್ಬೇಕು. ಯಾರೂ ಬಾ ಅಂದಿಲ್ಲ, ನಾನೂ ಕೇಳಿಲ್ಲ." ಹಾಸನ್ನು ಮಡಿಸುತ್ತ, "ಒಂದ್ಸಲ ನೋಡ್ಬೇಕು ಅಂತ ಇದೆ," ಎಂದರು.

ಅವರು ಏನನ್ನಾದರೂ ಬೇಕು ಎಂದದ್ದು ನಾನು ಕೇಳಿದ್ದು ಅದೊಂದೇ ಸಲ.

ಅವರ ನೌಕರಿಯ ಕೊನೆಯ ವರ್ಷ ಬಂದದ್ದು ಒಂದು ಸೂಕ್ಷ್ಮದರ್ಶಕ. ಎಲೆಯ ಚೂರನ್ನು ಅದರ ಕೆಳಗಿಟ್ಟು, ಅದರದೇ ವಿಶೇಷ ಬಲ್ಬು ಹೊತ್ತಿಸಿದರೆ ಎಲೆಯ ಒಳಗೆಲ್ಲ ಸಣ್ಣ ಸಣ್ಣ ದೀಪ ಹಚ್ಚಿದ ಹಾಗೆ ಕಾಣುತ್ತದಂತೆ. ಸಂಸ್ಥೆಯ ದೊಡ್ಡವರು ಸಭೆಯಲ್ಲಿ ಎಲ್ಲರೆದುರು ಹೇಳಿದ್ದರಂತೆ: ಈ ಯಂತ್ರದ ಸ್ವಿಚ್ಚು ಮೇಷ್ಟ್ರೇ ಹಾಕಬೇಕು, ಮೊದಲು ಕಣ್ಣಿಟ್ಟು ನೋಡುವವರೂ ಅವರೇ. ಅದನ್ನು ಹೇಳುವಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು, ಆಗಲೇ ನೋಡಲು ತಯಾರಾಗುವವರ ಹಾಗೆ. ತಿಂಗಳ ಕೊನೆಗೆ ಅವರಿಗೆ ನಿವೃತ್ತಿ. ಮಾಫಿ ಪತ್ರ ಕೈಯಲ್ಲಿತ್ತು. ಪೆಟ್ಟಿಗೆ ಬಂದಿತ್ತು. ಸಮಯ ಧಾರಾಳವಾಗಿತ್ತು.

ಹಾಸು ಹಾಸಿದೆವು. ಗಡಾರಿ ಬಿಚ್ಚಿದ. ಸಾಹೇಬರು ಪತ್ರ ಹಿಡಿದು ಒಂದೊಂದನ್ನೇ ಓದುತ್ತ ಹೋದರು. ಕೊನೆಗೆ ಬಲ್ಬಿನ ಡಬ್ಬಿ ಬಂತು. ಬೆರಳುದ್ದದ ಗಾಜು, ನಡುವೆ ಮಣಿಯ ಹಾಗೆ ಉಬ್ಬು, ಎರಡೂ ತುದಿಗೆ ಲೋಹದ ಟೋಪಿ. ಅದರ ಹಿಂದೆಯೇ ಇನ್ನೊಂದು ಡಬ್ಬಿ. ಅದರಲ್ಲೂ ಅಂಥದೇ ಬಲ್ಬು.

"ಇದೇನ್ರೀ?" ಎಂದರು ಸಾಹೇಬರು. "ಪತ್ರದಲ್ಲಿ ಒಂದು, ಪೆಟ್ಟಿಗೇಲಿ ಎರಡು."

ಮೇಷ್ಟ್ರು ಡಬ್ಬಿಯನ್ನು ತಿರುಗಿಸಿ ನೋಡಿದರು. "ಸಾರ್, ಅದು ನಾನೇ ಕೇಳಿದ್ದು."

ಹಿಂದೆ ಅಂಥದೇ ಒಂದು ಯಂತ್ರ ಬಂದಾಗ ಅದರ ಬಲ್ಬು ಸುಟ್ಟುಹೋಗಿ, ಇನ್ನೊಂದು ಬರುವ ಹೊತ್ತಿಗೆ ವರ್ಷವೇ ಕಳೆದಿತ್ತು. ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ದಿನಾ ಮೇಷ್ಟ್ರ ಮೇಜಿನ ಮುಂದೆ ನಿಂತು "ಬಂತಾ ಅಂಕಲ್?" ಎಂದು ಕೇಳುತ್ತಿದ್ದಳಂತೆ. ಕೊನೆಗೆ ಕೇಳುವುದನ್ನೇ ಬಿಟ್ಟಳು, ಆಮೇಲೆ ಕೆಲಸವನ್ನೂ ಅರ್ಧಕ್ಕೆ ಬಿಟ್ಟು ಹೋದಳು. ಅದು ಇವರ ಮನಸ್ಸಿಗೆ ಹತ್ತಿ, ಯಂತ್ರ ಮಾಡುವ ಹೊರದೇಶದ ಕಂಪನಿಯವರಿಗೆ ತಾವೇ ಬರೆದಿದ್ದರು: ಇಷ್ಟು ದೂರ ಕಳಿಸುತ್ತೀರಿ, ಇನ್ನು ಮುಂದೆ ಜೊತೆಗೊಂದು ಬಲ್ಬು ಹೆಚ್ಚಿಗೆ ಇಡಿ ಎಂದು. ಅವರು ಉತ್ತರ ಬರೆಯಲಿಲ್ಲ. ಸದ್ದಿಲ್ಲದೆ ಇಟ್ಟುಬಿಟ್ಟಿದ್ದರು, ದುಡ್ಡೂ ಹಿಡಿಯದೆ, ಕಾಗದದಲ್ಲೂ ತೋರಿಸದೆ. ಬರುತ್ತದೆಂದು ಗೊತ್ತಿದ್ದರೆ ಮೇಷ್ಟ್ರು ಮಾಫಿ ಪತ್ರದಲ್ಲಿ ಮೊದಲೇ ಸೇರಿಸುತ್ತಿದ್ದರು.

ಸಾಹೇಬರು ಕೆಟ್ಟವರಲ್ಲ. ಅವರೂ ದಣಿದಿದ್ದರು. "ನೋಡಿ ಮೇಷ್ಟ್ರೇ, ಕಂಡಿದ್ದನ್ನ ಕಂಡಿಲ್ಲ ಅನ್ನೋಕಾಗಲ್ಲ. ಒಂದು ದಾರಿ ಇದೆ. ಈ ಬಲ್ಬು ನಮಗೆ ಬೇಡ ಅಂತ ಬರ್ಕೊಡಿ. ಇಲಾಖೆ ತಗೊಳ್ಳುತ್ತೆ. ಮಿಕ್ಕಿದ್ದು ಸಂಜೆಗೇ ಲಾರಿಗೆ ಹಾಕ್ಕೊಂಡು ಹೋಗಿ."

"ಇಲ್ಲದಿದ್ರೆ?"

"ರಾಜಧಾನಿಗೆ ಬರೀಬೇಕು, ಪತ್ರ ತಿದ್ದಿಸಿಕೊಂಡು ಬರ್ಬೇಕು. ತಿಂಗಳೊಳಗೆ ಆಗೋ ಮಾತಲ್ಲ, ಅದು ನಿಮಗೇ ಗೊತ್ತು."

ಮೇಷ್ಟ್ರು ಹೋಗಿ ಬೆಂಚಿನ ಮೇಲೆ ಕೂತರು. ನಾನು ಕುಡಿಯಲು ನೀರು ಕೊಟ್ಟೆ.

"ಬರ್ಕೊಟ್ಟುಬಿಡಿ ಮೇಷ್ಟ್ರೇ," ಎಂದೆ. "ಒಂದು ಬಲ್ಬು ತಾನೆ? ಇಷ್ಟು ವರ್ಷ ಕಾದಿದ್ದೀರಿ."

"ಇಲಾಖೆ ತಗೊಂಡಿದ್ದು ಎಲ್ಲಿಗೆ ಹೋಗುತ್ತೆ ಅಕ್ಕ?"

ಹಿಂದಿನ ಕೋಣೆಯನ್ನು ಗುಡಿಸುವವಳು ನಾನೇ. ಬೇಡವೆಂದು ಬಿಟ್ಟದ್ದೆಲ್ಲ ಅಲ್ಲಿ ಬೀಳುತ್ತದೆ. ಹರಾಜಿಗೆ ಬಂದವರು ತಾಮ್ರ, ಕಬ್ಬಿಣ ಎತ್ತಿಕೊಳ್ಳುತ್ತಾರೆ. ಗಾಜಿನ ಸಾಮಾನು ಒಂದರ ಮೇಲೊಂದು ಬಿದ್ದು ಪುಡಿಯಾಗಿರುತ್ತದೆ, ನಾನು ಮೊರದಲ್ಲಿ ಬಾಚಿ ಹಾಕುತ್ತೇನೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನನ್ನ ಮೊರಕ್ಕೆ," ಎಂದೆ.

ಗಡಾರಿ ಬಂದು ಎದುರಿಗೇ ಕುಕ್ಕರಗಾಲಲ್ಲಿ ಕೂತ. "ಸಾರ್, ಆ ಬಲ್ಬು ಸುಟ್ಟುಹೋಗೋ ಹೊತ್ತಿಗೆ ನೀವು ಅಲ್ಲಿರಲ್ಲ, ಯಾರೂ ನಿಮ್ಮನ್ನ ಕೇಳಲ್ಲ. ಸುಮ್ನೆ ಒಂದು ಸೈನ್ ಹಾಕಿ. ಹೋಗಿ ಎಲೆ ನೋಡ್ಕೊಂಡು ಬಂದು ನಮಗೂ ಹೇಳಿ."

"ಕೇಳೋಕೆ ಯಾರಾದರೂ ಬಂದೇ ಬರ್ತಾರಪ್ಪ. ನನ್ನ ಮೇಜಿನ ಮುಂದೆ ಅಲ್ಲದಿದ್ರೆ ಇನ್ನೊಬ್ಬರ ಮೇಜಿನ ಮುಂದೆ."

"ಪತ್ರ ಬಂದ ಮೇಲೆ ಹೋಗಿ ನೋಡಬಹುದಲ್ಲ ನೀವು?" ಎಂದೆ ನಾನು.

"ನೌಕರಿ ಮುಗಿದ ಮೇಲಾ?" ನಕ್ಕರು. "ಆ ಗೇಟಿನವನಿಗೆ ನನ್ನ ಮುಖಕ್ಕಿಂತ ನನ್ನ ಪಾಸಿನ ಪರಿಚಯ ಜಾಸ್ತಿ ಅಕ್ಕ."

ಆ ದಿನ ಅವರು ಏನನ್ನೂ ಬರೆದುಕೊಡಲಿಲ್ಲ. ಹಾಸಿನ ಅಂಚಿನಲ್ಲಿ ಕೂತು, ಕನ್ನಡಕ ಮೇಲೇರಿಸಿಕೊಂಡು, ಹಿತ್ತಾಳೆಯ ಕೊಳವೆಯನ್ನು ಮುಟ್ಟದೆ ಬಗ್ಗಿ ಎಷ್ಟೋ ಹೊತ್ತು ನೋಡಿದರು. ಬಿಡಿಬಿಡಿಯಾಗಿ ಬಿದ್ದಿದ್ದ ಯಂತ್ರದಲ್ಲಿ ಏನು ಕಾಣಬೇಕು? ಆಮೇಲೆ ಮೊಣಕಾಲು ಹಿಡಿದು ಎದ್ದರು. "ಮುಚ್ಚಿಬಿಡಿ ಅಕ್ಕ. ಪತ್ರ ತಿದ್ದಿಸೋಣ." ಹೋಗುವಾಗ "ನಾಳೆ ನೋಡೋಣ" ಎನ್ನಲಿಲ್ಲ.

ರಾಜಧಾನಿಗೆ ಬರೆದರು. ಫೋನ್ ಮಾಡಿದರು. ತಿಂಗಳು ಮುಗಿಯುವವರೆಗೂ ಬಂದು ಅದೇ ಬೆಂಚಿನ ಮೇಲೆ ಕೂತರು. ದೊಡ್ಡವರು ಸಿಟ್ಟಾಗಿದ್ದರಂತೆ, ಒಂದು ಬಲ್ಬಿಗೋಸ್ಕರ ಇಡೀ ಯಂತ್ರ ನಿಲ್ಲಿಸುತ್ತಾರೇನ್ರೀ ಎಂದು. ಕೊನೆಯ ದಿನ ತಮ್ಮ ಜಾಗಕ್ಕೆ ಬರುವವನನ್ನು ಕರೆತಂದು ಪರಿಚಯ ಮಾಡಿಸಿದರು. ಚುರುಕು ಮನುಷ್ಯ, ಒಂದು ಕಡೆ ನಿಲ್ಲದವನು. ಅವನಿಗೆ ಬೆಂಚು ತೋರಿಸಿದರು, ಗಿಡ್ಡ ಕಾಲಿನ ವಿಷಯ ಹೇಳಿದರು. ಹಾಸನ್ನು ಮಾತ್ರ ಅವನ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟರು.

ತಿದ್ದಿದ ಪತ್ರ ಬಂದಾಗ ಅವರು ನಿವೃತ್ತರಾಗಿ ಬಹಳ ದಿನವಾಗಿತ್ತು. ನಾನೇ ಹಾಸು ಹಾಸಿದೆ. ಸಾಹೇಬರು ಎರಡು ಬಲ್ಬು ನೋಡಿ, ಎರಡು ಗುರುತು ಹಾಕಿ, ಮೊಹರು ಒತ್ತಿದರು. ಹೊಸಬ ಲಾರಿಯವನ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದ. ಹಳೆಯ ಗೆರೆ ಮಾಸಿಹೋಗಿತ್ತು, ನಾನೇ ಸೀಮೆಸುಣ್ಣ ಹಿಡಿದು ಮತ್ತೆ ಗೆರೆ ಎಳೆದು ಅಂಕಿ ಹಾಕಿದ್ದೆ. ಕೊನೆಯ ಅಂಕಿ ಮೊದಲು ಒಳಗೆ ಹೋಯಿತು. ಒಂದು ಬಲ್ಬನ್ನು ಪೆಟ್ಟಿಗೆಯ ತಲೆಯ ಕಡೆ ಕೊಳವೆಯ ಪಕ್ಕ ಸ್ಪಂಜಿನಲ್ಲಿ ಇಟ್ಟೆ. ಇನ್ನೊಂದನ್ನು ನನ್ನ ಹಳೆಯ ರವಿಕೆ ಬಟ್ಟೆಯಲ್ಲಿ ಸುತ್ತಿ ಕಾಲಿನ ಕಡೆ ಮೂಲೆಯಲ್ಲಿ ಇಟ್ಟೆ. ಲಾರಿ ಯಾವ ಕಡೆ ಕುಕ್ಕಿದರೂ ಒಂದಾದರೂ ಉಳಿಯಲಿ ಎಂದು.

ಯಂತ್ರ ಸುಸೂತ್ರವಾಗಿ ಮುಟ್ಟಿ, ಕೂಡಿಸಿ, ಶುರುವಾಯಿತೆಂದು ಹೊಸಬ ಇನ್ನೊಂದು ಪೆಟ್ಟಿಗೆ ಬಿಡಿಸಲು ಬಂದಾಗ ಹೇಳಿದ. ಸ್ವಿಚ್ಚು ಯಾರು ಹಾಕಿದರು ಎಂದು ಕೇಳಿದೆ. "ಯಾರೋ ಮಂತ್ರಿಗಳು ಬಂದಿದ್ರು," ಎಂದ.

ಹಾಸನ್ನು ಒಗೆದು, ಗಂಜಿ ಹಾಕಿ, ಮಡಿಸಿಕೊಂಡು ಅವರ ಮನೆಗೆ ಹೋದೆ. ಎರಡು ಕೋಣೆಯ ಮನೆ, ಕಿಟಕಿಯ ಪಕ್ಕ ಮಂಚ. ಮಲಗಿದ್ದರು. ಉಸಿರಿನ ತೊಂದರೆ, ಮಾತಿಗೂ ಮಾತಿಗೂ ನಿಲ್ಲಬೇಕಿತ್ತು. ಅವರ ಹೆಂಡತಿಯನ್ನು ಅಂದೇ ನಾನು ಮೊದಲು ನೋಡಿದ್ದು. ಹಾಸು ಕಂಡದ್ದೇ, "ಬಂದಳಾ ಸವತಿ? ಬಾಮ್ಮ, ಒಳಗೆ ಬಾ, ಕಡೆಗೂ ಮನೆ ನೆನಪಾಯ್ತು," ಎಂದು ನಗಲು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡರು.

"ಯಂತ್ರ ನೋಡೋಕೆ ನಿಮ್ಮನ್ನ ಕರೆದ್ರಾ ಮೇಷ್ಟ್ರೇ?" ಎಂದೆ.

"ಮರೆತಿರ್ತಾರೆ ಅಕ್ಕ. ಯಂತ್ರ ಬಂದ ಗಡಿಬಿಡೀಲಿ ತಂದವನು ನೆನಪಿರ್ತಾನಾ?"

"ಮರೀತಾರೆ ಅಂತ ಎಷ್ಟು ಸಲ ಹೇಳ್ದೆ ಇವರಿಗೆ," ಎಂದರು ಹೆಂಡತಿ. "ಆ ಹಾಳು ಬಲ್ಬು ಬಿಟ್ಟುಕೊಟ್ಟಿದ್ರೆ ಅವತ್ತೇ ನೋಡಿರ್ತಿದ್ರು."

ನಾವಿಬ್ಬರೂ ಸೇರಿ ಹಳೆಯ ಚಾದರ ತೆಗೆದು ಮೇಷ್ಟ್ರ ಕೆಳಗೆ ನೀಲಿ ಹೂವಿನ ಹಾಸು ಹಾಸಿದೆವು. ಎಷ್ಟು ಒಗೆದರೂ ಒಂದೆರಡು ಕಡೆ ಸೀಮೆಸುಣ್ಣದ ಗೆರೆ ಉಳಿದಿತ್ತು. ಅವರು ಒಂದು ಗೆರೆಯ ಮೇಲೆ ಬೆರಳಾಡಿಸಿದರು. ನಾನು ಹೊರಡಲು ಎದ್ದೆ. ಅವರನ್ನು ನಾನು ನೋಡಿದ್ದು ಅದೇ ಕೊನೆ. ಬಾಗಿಲ ಹತ್ತಿರ ಹೋದವಳನ್ನು ಕೈ ಮಾಡಿ ಮತ್ತೆ ಹತ್ತಿರ ಕರೆದರು. ಉಸಿರು ಸರಿಹೋಗುವವರೆಗೆ ಕಾದೆ.

"ಅಕ್ಕ, ಎರಡು ಬಲ್ಬೂ ಒಂದೇ ಮೂಲೇಲಿ ಇಟ್ಟಿಲ್ಲ ತಾನೆ?"