ಬೇಗ ಬದಲಾಯಿಸುವ ಆಯಿಲ್

“ಬೇಗ ಬದಲಾಯಿಸ್ಬೇಕಾಗೋ ಆಯಿಲ್ಲೇ ಹಾಕಿ ಅಣ್ಣ,” ಅಂದರು ಆಕೆ. ನಾನು ಸಿಂಥೆಟಿಕ್ ಗೇರ್ ಆಯಿಲ್ ಕ್ಯಾನ್ ಹಿಡಿದುಕೊಂಡು ಹಾಗೇ ನಿಂತೆ.

ಕೆಂಗೇರಿಯ ನನ್ನ ಗ್ಯಾರೇಜಿಗೆ ಆಕೆಯ ಗಂಡ ಲಾರಿ ತಂದಿದ್ದರು. ಹಿಂದಿನ ಆಕ್ಸಲ್‌ಗೆ ಹೊಸ ಆಯಿಲ್ ಹಾಕಿಸಿ ಮಧ್ಯಾಹ್ನವೇ ಗುಜರಾತಿಗೆ ಹೊರಡುವವರು. ಆಕೆ ಶ್ರೀಗಂಧದ ಕಾವಲಿನ ಮನೆಯಿಂದ ಅವರಿಗೆ ಊಟ ತಂದಿದ್ದರು. ಮಾಮೂಲಿ ಆಯಿಲ್‌ಗಿಂತ ಸಿಂಥೆಟಿಕ್ ಎರಡು ಪಟ್ಟು ಓಡುತ್ತದೆ, ಅಲ್ಲಿಯವರೆಗೆ ಇತ್ತ ತಲೆ ಹಾಕುವುದೇ ಬೇಡ ಎಂದು ನಾನು ಜಂಬದಿಂದ ಹೇಳುತ್ತಿದ್ದೆ.

“ಇವ್ರು ಊರಿಗೆ ಬರೋದೇ ಲಾರಿಗೆ ಏನಾದ್ರೂ ಬೇಕಾದಾಗ,” ಎಂದು ಆಕೆ ನಕ್ಕರು. ಗಂಡ ನಗಲಿಲ್ಲ. ನನ್ನ ಕೈಯಿಂದ ಕ್ಯಾನ್ ತೆಗೆದು ವಾಪಸ್ ಇಟ್ಟು, ಮಾಮೂಲಿ ಆಯಿಲ್ ತಂದುಕೊಟ್ಟರು.

ಕೆಲಸ ಮುಗಿಸಿ, ಎಷ್ಟು ಕಿಲೋಮೀಟರಿಗೆ ಮತ್ತೆ ಬದಲಾಯಿಸಬೇಕೆಂದು ಚೀಟಿ ಬರೆದು ಲಾರಿಯ ಬಾಗಿಲಿಗೆ ಅಂಟಿಸಿದೆ. ಆಕೆ ಅದನ್ನು ಓದಿ, ಅಷ್ಟು ಓಡಲು ಎಷ್ಟು ದಿನ ಬೇಕೆಂದು ಕೇಳಿದರು.

ಮೂವತ್ತು ವರ್ಷದಿಂದ ಆ ಚೀಟಿ ಅಂಟಿಸುತ್ತಿದ್ದೇನೆ. ಅದನ್ನು ನೋಡಿ ದಿನ ಎಣಿಸುವವರೂ ಇರುತ್ತಾರೆಂದು ಹೊಳೆದೇ ಇರಲಿಲ್ಲ. ಈಗ ಕಿಲೋಮೀಟರಿನ ಕೆಳಗೆ ತಿಂಗಳನ್ನೂ ಬರೆಯುತ್ತೇನೆ.